ಕಡಲಾಚೆಯ ಗುಳೆಗೆ ಕಾನೂನಿನ ಕಾವಲು ಎಲ್ಲಿ?

ಹೂವಿನಹಡಗಲಿ ಕಡೆಯ ತಾಂಡಾವೊಂದರ ಯುವಕನೊಬ್ಬ ಈಚೆಗೆ ತನ್ನ ವೀಸಾದ ಪ್ರತಿಯನ್ನು ಹಿಡಿದು ನನ್ನ ಮನೆಗೆ ಬಂದಿದ್ದ. ಕೊಲ್ಲಿ ರಾಷ್ಟ್ರವೊಂದರಲ್ಲಿ ಚಾಲಕನ ಕೆಲಸ ಕೊಡಿಸುವುದಾಗಿ ನಂಬಿಸಿ ದಲ್ಲಾಳಿಯೊಬ್ಬ ಒಂದೂವರೆ ಲಕ್ಷ ರೂಪಾಯಿ ಪಡೆದಿದ್ದ. ರಸೀದಿ ಇರಲಿಲ್ಲ, ಕರಾರುಪತ್ರವೂ ಇರಲಿಲ್ಲ. ಓದಿ ನೋಡಿದರೆ ಅದು ಸಂದರ್ಶಕರ ವೀಸಾ. ಅದರ ಮೇಲೆ ಅಲ್ಲಿ ದುಡಿಯುವಂತೆಯೇ ಇಲ್ಲ. ಆತ ಮೊದಲು ಕಂಡಿದ್ದ ವಕೀಲರು, ‘ವಿದೇಶದ ವಿಷಯ ನಮ್ಮ ಕೋರ್ಟಿಗೆ ಬರುವುದಿಲ್ಲ’ ಎಂದು ಕಳುಹಿಸಿದ್ದರಂತೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ಹೊರಡುವುದನ್ನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಮೋಸವಾದರೆ ಬಸ್ಸು ಹತ್ತಿ ಊರಿಗೆ ಮರಳಬಹುದು. ಗುಳೆ ಕಡಲು ದಾಟಿದಾಗ ಆ ದಾರಿಯೂ ಮುಚ್ಚುತ್ತದೆ.

ಕಾನೂನು ಇಲ್ಲವೆಂದಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅವರು ಪಡೆಯಬಹುದಾದ ಶುಲ್ಕ, ತೆರಿಗೆ ಬಿಟ್ಟು, ಗರಿಷ್ಠ 30 ಸಾವಿರ ರೂಪಾಯಿ. ಹತ್ತನೇ ತರಗತಿ ಮುಗಿಸದವರು 18 ನಿರ್ದಿಷ್ಟ ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿಯನ್ನೂ ಪಡೆಯಬೇಕು. ಕರಾರು ಮತ್ತು ವಿಮೆಯ ಪರಿಶೀಲನೆ ನಡೆಯುವುದು ಆ ಹಂತದಲ್ಲಿಯೇ.

ಆದರೆ ಸಂದರ್ಶಕನೆಂದು ಹೊರಟವನು ಈ ತಪಾಸಣೆಗೆ ಸಿಗುವುದೇ ಇಲ್ಲ. ರಷ್ಯಾ ಆ 18 ದೇಶಗಳ ಪಟ್ಟಿಯಲ್ಲಿಯೇ ಇಲ್ಲ. ಭದ್ರತಾ ಕೆಲಸವೆಂದು ನಂಬಿ ಅಲ್ಲಿಗೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದ ಪಾಲಾಗಿ, 2024ರ ಸೆಪ್ಟೆಂಬರ್‌ನಲ್ಲಷ್ಟೇ ಮನೆಗೆ ಮರಳಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿ ಸಿಲುಕಿದ, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ‘ಆಪರೇಷನ್ ಕಾವೇರಿ’ಯ ಮೂಲಕ ಕರೆತರಬೇಕಾಯಿತು. ರಾಜತಾಂತ್ರಿಕ ಪ್ರಯತ್ನ ಶ್ಲಾಘನೀಯವೇ. ಆದರೆ ಎರಡೂ ಸಂದರ್ಭಗಳಲ್ಲಿ ನೆರವು ಬಂದದ್ದು ಪ್ರಾಣಕ್ಕೆ ಕುತ್ತು ಒದಗಿದ ಮೇಲೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕೂ ಇದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. 1990ರಲ್ಲಿ ಅಲ್ಲಿ ಹುಟ್ಟಿದವನ ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮತ್ತು ಇಂದಿನ ವಿಳಾಸದಲ್ಲಿ ಮೂರು ಜಿಲ್ಲೆಗಳ ಹೆಸರು ಇರಬಹುದು. ಈ ಚರಿತ್ರೆ ನಮಗೆ ಗೊತ್ತು, ಪರದೇಶದ ವೀಸಾ ಅಧಿಕಾರಿಗೆ ಗೊತ್ತಿರಬೇಕಿಲ್ಲ. ಸರಹದ್ದಿನ ಬದಲಾವಣೆಯನ್ನು ವಿವರಿಸುವ ಒಂದು ಪುಟದ ದೃಢೀಕರಣವನ್ನು ತಹಶೀಲ್ದಾರರು ನೀಡುವಂತಾದರೆ ಸಾಕು.

ಉಳಿದ ಕೆಲಸಕ್ಕೆ ಹೊಸ ಇಲಾಖೆ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, ತಾಲ್ಲೂಕಿಗೆ ಅಥವಾ ತಾಲ್ಲೂಕುಗಳ ಗುಂಪಿಗೆ ಒಂದರಂತೆ ಕಾನೂನು ಸೇವಾ ಸಮಿತಿ ರಚಿಸಲು ಅವಕಾಶ ನೀಡಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಮತ್ತು ಮಹಿಳೆಯರು ಉಚಿತ ನೆರವಿಗೆ ಅರ್ಹರು. ಈ ಸಮಿತಿಗಳು ವಾರಕ್ಕೊಂದು ದಿನ ವಿದೇಶಕ್ಕೆ ಹೊರಟವರ ಕಾಗದಪತ್ರ ನೋಡಲಿ. ವಿದೇಶಿ ಕಾನೂನಿನ ಪಾಂಡಿತ್ಯ ಇದಕ್ಕೆ ಬೇಕಿಲ್ಲ. ಏಜೆಂಟನ ನೋಂದಣಿ ಸಂಖ್ಯೆ ಏನು? ವೀಸಾ ಯಾವ ಬಗೆಯದು? ಕರಾರಿನಲ್ಲಿ ಮಾಲೀಕನ ಹೆಸರಿದೆಯೇ? ಕೊಟ್ಟ ಹಣಕ್ಕೆ ರಸೀದಿ ಇದೆಯೇ? ಇವೆಲ್ಲದರ ನಕಲು ಮನೆಯಲ್ಲಿ ಉಳಿದಿದೆಯೇ? ಇಷ್ಟು ಕೇಳಿದರೆ ಅರ್ಧ ವಂಚನೆ ಊರಲ್ಲಿಯೇ ಬಯಲಾಗುತ್ತದೆ.

ಹಣ ಕೈಬದಲಾದದ್ದು ಇಲ್ಲಿಯೇ ಆದ್ದರಿಂದ ವಂಚನೆಯ ದೂರನ್ನೂ ಇಲ್ಲಿನ ಠಾಣೆಯಲ್ಲಿಯೇ ಕೊಡಬಹುದು. ಆ ಯುವಕನಿಗೆ ನಾನು ಹೇಳಿದ್ದು ಇದನ್ನೇ. ಆತ ವಿಮಾನ ಹತ್ತಲಿಲ್ಲ, ದೂರು ಕೊಟ್ಟ. ಆದರೆ ರಸೀದಿಯಿಲ್ಲದ ಆ ಹಣ ಇನ್ನೂ ಬಂದಿಲ್ಲ. ಅದಕ್ಕಾಗಿ ಅಡವಿಟ್ಟ ಎರಡು ಎಕರೆ ಹೊಲದ ಬಡ್ಡಿ ಮಾತ್ರ ಬೆಳೆಯುತ್ತಿದೆ.