ಗಣಿತಾನೂ ಇರ್ಲಿ, ಬಯಾಲಜಿನೂ ಇರ್ಲಿ ಅನ್ನೂ ಮುಂಚೆ

ಹತ್ತನೇತ್ತಾ ರಿಸಲ್ಟ್ ಬಂದ ಕೂಡ್ಲೆ ನಮ್ಮ ಕಡೆ ಮನಿಮನಿಯೊಳಗ ಒಂದಾ ಮಾತು, "ಕಾಂಬಿನೇಶನ್ ಯಾವ್ದು ಕೊಡಸ್ತೀರಿ?" ಮಾರ್ಕ್ಸ್ ಛಲೋ ಬಂದಿದ್ರ ಉತ್ತರಾ ಮೊದಲಾ ತಯಾರಿರತೈತಿ: ಪಿಸಿಎಂಬಿ. ಯಾಕ್ರಿ ಅಂದ್ರ, "ಇರ್ಲಿ ಬಿಡ್ರಿ, ಡಾಕ್ಟರ್ ಬಾಗಲಾನೂ ತೆರದಿರತೈತಿ, ಎಂಜಿನಿಯರ್ ಬಾಗಲಾನೂ ತೆರದಿರತೈತಿ." ಅಕ್ಕಾರ, ವೈನ್ಯಾರ, ನನ್ನ ತಕರಾರು ಇರೂದು ಈ 'ಇರ್ಲಿ ಬಿಡ್ರಿ' ಅನ್ನೂದರ ಮ್ಯಾಲೆ. ಎರಡು ಬಾಗಲಾ ತೆರದಿಡೂದು ಪುಕ್ಕಟೆ ಬರಂಗಿಲ್ಲ. ಅದರ ಬೆಲಿ ಕಟ್ಟಾವ್ರು ಹುಡುಗೂರು.

ಮೊದಲ ಲೆಕ್ಕಾ ನೋಡೂಣು. ಪಿಯುಸಿಯೊಳಗ ಎರಡು ಭಾಷಾ, ನಾಕು ವಿಷಯಾ, ಒಟ್ಟು 600 ಮಾರ್ಕ್ಸ್. ಪಿಸಿಎಂಬಿ ಅಂದ್ರ ಆ ನಾಕು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಈಗ ಮುಂದಿನ ಪರೀಕ್ಷಾ ನೋಡ್ರಿ. ಡಾಕ್ಟರ್ ಆಗಬೇಕಂದ್ರ ನೀಟ್. ಅದು 720 ಮಾರ್ಕ್ಸಿಂದು. ಅದರಾಗ 360 ಬಯಾಲಜಿಗೇ, ಉಳದದ್ದು ಫಿಸಿಕ್ಸ್, ಕೆಮಿಸ್ಟ್ರಿಗೆ. ಗಣಿತದ ಒಂದು ಪ್ರಶ್ನಿನೂ ಇರಂಗಿಲ್ಲ. ಎಂಜಿನಿಯರಿಂಗಿಗೆ ಸಿಇಟಿ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಒಂದೊಂದಕ್ಕ 60. ಅದರ ಜೋಡಿ ದ್ವಿತೀಯ ಪಿಯುದಾಗ ಅವೇ ಮೂರು ವಿಷಯದಾಗ ಬಂದ ಮಾರ್ಕ್ಸ್ ಅರ್ಧಕ್ಕರ್ಧ ಹಿಡದು ರ‍್ಯಾಂಕ್ ಕೊಡತಾರ. ಅದರಾಗ ಬಯಾಲಜಿ ಲೆಕ್ಕಕ್ಕಿಲ್ಲ. ಬಿ.ಫಾರ್ಮಾಕ್ಕ ಹೋಗ್ತೀನಿ ಅಂದ್ರೂ ಫಿಸಿಕ್ಸ್, ಕೆಮಿಸ್ಟ್ರಿ ಜೋಡಿ ಗಣಿತ ಇಲ್ಲಾ ಬಯಾಲಜಿ, ಎರಡರಾಗ ಒಂದಿದ್ರ ಸಾಕು. ಇನ್ನ ಬಿಎಸ್ಸಿ ಮಾಡಿ ಹೈಸ್ಕೂಲ್ ಟೀಚರ್ ಆಗ್ತೀನಿ ಅಂದ್ರ ಅಲ್ಲೂ ಹಾದಿ ಎರಡಾಗತೈತಿ, ಪಿಸಿಎಂ ಒಂದು ಕಡೆ, ಸಿಬಿಝಡ್ ಒಂದು ಕಡೆ.

ಅಂದ್ರ ಒಂದು ವಿಷಯಾ ಹೆಂಗೂ ಬಿಡಾಕಬೇಕು. ಇವತ್ತ ಬಿಡೂದೋ, ಎರಡು ವರ್ಷ ಹೊತಗೊಂಡು ಅಡ್ಯಾಡಿ ಆಮ್ಯಾಲೆ ಬಿಡೂದೋ, ಇಷ್ಟಾ ಪ್ರಶ್ನಿ. ದಿನಾ ಒಂದು ತಾಸು ಆ ವಿಷಯಕ್ಕ ಹೋಗತೈತಿ ಅಂತ ಹಿಡೀರಿ. ವರ್ಷಕ್ಕ 300 ದಿವಸ ಅಂದ್ರೂ ಎರಡು ವರ್ಷಕ್ಕ 600 ತಾಸು. ನೀಟ್ ಓದೂ ಹುಡಿಗಿ ಆ 600 ತಾಸು ಇಂಟಿಗ್ರೇಶನ್ ಜೋಡಿ ಗುದ್ದಾಡೂ ಬದಲಿ ತನಗ ಬಿರಿ ಆಗೂ ಫಿಸಿಕ್ಸ್ ಓದಿದ್ರ ಎಷ್ಟ ಹಗರಾಗಾಕಿಲ್ಲ! ಕೆಲವು ಕಾಲೇಜಿನ್ಯಾಗ ಗಣಿತದ ಬದಲಿ ಹೋಮ್ ಸೈನ್ಸ್ ತೊಗೊಳ್ಳೂ ಅವಕಾಶಾನೂ ಐತಿ. ಎಂಜಿನಿಯರಿಂಗ್ ಮನಸ್ಸಿದ್ದಾವ್ರಿಗೆ ಬಯಾಲಜಿ ಬದಲಿ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಅದಾವ. ಈ ಮಾತು ಮನಿಯೊಳಗ ಆಡೂದಾ ಇಲ್ಲ, ಸೀದಾ 'ಬಿ' ಹಚ್ಚಿ ಮುಗಸ್ತೀವಿ.

"ಹದಿನಾರು ವರ್ಷದ ಕೂಸಿಗೆ ಏನ ತಿಳೀತೈತಿ, ಆಮ್ಯಾಲೆ ಮನಸ್ಸು ಬದಲಾದ್ರ?" ಅಂತ ನೀವು ಕೇಳಬಹುದು. ಕೇಳೂದು ಖರೇನ. ಗಣಿತಾನೂ ಖುಷಿಲೆ ಮಾಡತೈತಿ, ಬಯಾಲಜಿ ಚಿತ್ರಾನೂ ಖುಷಿಲೆ ತೆಗೀತೈತಿ ಅನ್ನೂ ಹುಡುಗೂರು ಇರತಾರ. ಅಂಥಾವ್ರಿಗೆ ಪಿಸಿಎಂಬಿ ಅವಶ್ಯ ಕೊಡಸ್ರಿ, ನಂದೇನ ಅಡ್ಡಿ ಇಲ್ಲ. ನಾ ಹೇಳೂದು ಎರಡರಾಗ ಒಂದನ್ನ ಕಂಡ್ರ ಹೆದರೂ ಹುಡುಗೂರ ಬಗ್ಗೆ. ಹೆದರಿಕಿ ವಿಷಯಾ ತಲಿಮ್ಯಾಲೆ ಕುಂತಿದ್ರ ಬರೂ ವಿಷಯಾನೂ ಕೆಡತೈತಿ. ಮ್ಯಾಲೆ ಬಾಗಲಾ ನಾವು ತಿಳಕೊಂಡಷ್ಟು ಗಟ್ಯಾಗಿ ಹಾಕ್ಕೊಳ್ಳಂಗಿಲ್ಲ. ಹನ್ನೆರಡನೇತ್ತಾ ಪಾಸಾದ ಮ್ಯಾಲೆ ಬಯಾಲಜಿನ ಹೆಚ್ಚಿನ ವಿಷಯಾ ಅಂತ ಓದಿ ಪಾಸ್ ಮಾಡಿದಾವ್ರೂ ನೀಟ್ ಬರೀಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಾಗ ಹೇಳೇತಿ.

ಹಂಗಂತ ಗಣಿತಕ್ಕ ಅಂಜಿ ಕಾಮರ್ಸ್ ಕಡೆ ಓಡೂದೂ ಲೆಕ್ಕ ತಪ್ಪಿದಂಗ. ಸಿಎ ಮಾಡಸ್ತೀವಿ ಅಂತ ಭಾಳ ಮಂದಿ ಹೇಳತಾರ. ಸಿಎ ಫೌಂಡೇಶನ್ನಿನ ನಾಕು ಪೇಪರಿನಾಗ ಒಂದು ಪೂರಾ ಗಣಿತ, ಸ್ಟ್ಯಾಟಿಸ್ಟಿಕ್ಸ್, ತರ್ಕದ್ದು. ಸಿಎ ಬರ್ಯಾಕ ಕಾಮರ್ಸೇ ಓದಿರಬೇಕಂತಿಲ್ಲ, ಸೈನ್ಸ್ ಓದಿದಾವ್ರೂ ಬರೀಬಹುದು. ಐದು ವರ್ಷದ ಲಾ ಕೋರ್ಸಿಗೆ ಯಾವ ಕಾಂಬಿನೇಶನ್ ಆದ್ರೂ ನಡೀತೈತಿ. ಕೆಎಎಸ್, ಐಎಎಸ್ ಪರೀಕ್ಷಾಕ್ಕ ಡಿಗ್ರಿ ಕೇಳತಾರ, ಪಿಯುಸಿಯೊಳಗ ಏನ ಓದಿದಿ ಅಂತ ಕೇಳಂಗಿಲ್ಲ. ಆರ್ಟ್ಸ್ ಅಂದ ಕೂಡ್ಲೆ ಮಾರಿ ಸಣ್ಣ ಮಾಡೂ ಮುಂದ ಇದನ್ನ ನೆನಸ್ರಿ. ಒಂದು ಮಾತು ಮಾತ್ರ ಖರೆ: ಸೈನ್ಸ್ ಓದಿ ಆಮ್ಯಾಲೆ ಬಿಎ, ಬಿಕಾಂಕ್ಕ ಹೋಗಬಹುದು, ಆರ್ಟ್ಸ್ ಓದಿ ಎಂಜಿನಿಯರಿಂಗಿಗೆ ಬರಾಕ ಆಗಂಗಿಲ್ಲ. ಅದಕ್ಕಾ ಸೈನ್ಸ್ ಬಿಡಬೇಕಾದ್ರ ಯೋಚನಾ ಮಾಡಿ ಬಿಡಬೇಕು, ಸಿಟ್ಟಿಲೆ ಅಲ್ಲ.

ಇನ್ನೊಂದು ಮಾತು ಹೇಳಲಿಲ್ಲಂದ್ರ ನನಗ ಸಮಾಧಾನ ಇಲ್ಲ. ಒಂದಾ ಮನಿಯೊಳಗ ಮಗಾಗ ಪಿಸಿಎಂಬಿ, ಪ್ಯಾಟಿ ಕಾಲೇಜು, ಹಾಸ್ಟೆಲ್ಲು, ಟ್ಯೂಷನ್ನು. ಮಗಳಿಗೆ ಊರಾಗಿನ ಕಾಲೇಜಿನ್ಯಾಗ ಏನ ಐತಿ ಅದಾ. ಮಾರ್ಕ್ಸ್ ಅವಳ್ದಾ ಹೆಚ್ಚಿದ್ರೂ! ಮಗನ ಕಾಂಬಿನೇಶನ್ನಾ ಆಸೆ ನೋಡಿ ಆರಸ್ತೀವಿ, ಮಗಳದ್ದನ್ನ ಬಸ್ಸಿನ ಟೈಮ್ ನೋಡಿ ಆರಸ್ತೀವಿ. ಬಸ್ಸು ಸಣ್ಣ ಮಾತಲ್ಲ, ರಾತ್ರಿ ಏಳರ ಮ್ಯಾಲೆ ಹುಡಿಗಿ ಒಬ್ಬಾಕೀನಾ ಸ್ಟ್ಯಾಂಡಿನ್ಯಾಗ ನಿಂದ್ರಬೇಕಂದ್ರ ಯಾವ ತಾಯಿಗಾದ್ರೂ ಜೀವಾ ಹಾರತೈತಿ. ಆದ್ರ ಆ ಅಡಚಣಿ ಬಿಡಸೂ ಹಾದಿ ಹುಡುಕೂಣು. ಹುಡಿಗೀರ ಸರಕಾರಿ ಹಾಸ್ಟೆಲ್ ಕೇಳೂಣು, ಅದಾ ಕಾಲೇಜಿಗೆ ಹೋಗೂ ಓಣಿ ಹುಡಿಗೀರನ್ನ ಕೂಡಸೂಣು. "ಅವಳಿಗೆ ಸೈನ್ಸ್ ಮನಸ್ಸಿಲ್ಲ ಬಿಡ್ರಿ" ಅಂತ ಅವಳ ಬಾಯಿ ಮಾತು ನಾವಾ ಆಡಿ ಮುಗಸೂದು ಬ್ಯಾಡ.

ಹಂಗಾರ ಆರಸೂದು ಹೆಂಗ? ಫಾರ್ಮ್ ತುಂಬೂ ಮುಂಚೆ ಒಂದು ಸಂಜಿ ಟಿವಿ ಬಂದ್ ಮಾಡಿ ಕೂಸಿನ ಮುಂದ ಕುಂದರ್ರಿ. ಮೂರ ಪ್ರಶ್ನಿ ಕೇಳ್ರಿ. ಯಾರೂ ಹೇಳಲಾರದಾ ತಾನಾಗಿ ತೆಗದು ಕುಂದರೂ ಪುಸ್ತಕಾ ಯಾವ್ದು? ಮಾರ್ಕ್ಸ್ ಬಂದ್ರೂ ಹೊಟ್ಟ್ಯಾಗ ಕಲಸಿದಂಗ ಆಗೂ ವಿಷಯಾ ಯಾವ್ದು? ಆ ವಿಷಯಾ ಬಿಟ್ರ ನಿನಗ ಬೇಕಾದ ಯಾವ ಕೋರ್ಸ್ ತಪ್ಪತೈತಿ? ಮೂರನೇದ್ದಕ್ಕ ಉತ್ತರಾ ಗೊತ್ತಿಲ್ಲಂದ್ರ ಊಹಾ ಮಾಡಬ್ಯಾಡ್ರಿ. ಪ್ರತಿ ಕೋರ್ಸಿಗೂ ಯಾವ ವಿಷಯಾ ಬೇಕು ಅಂತ ಸಿಇಟಿ ನಡಸೂ ಕೆಇಎ ಮಾಹಿತಿ ಪುಸ್ತಕದಾಗ ಬರದಿರತೈತಿ, ಕನ್ನಡದಾಗೂ ಇರತೈತಿ. ಅದನ್ನ ತಾಯಿ-ಮಗಳು ಕೂಡಿ ಓದ್ರಿ. ಓಣ್ಯಾಗಿನ ಮಂದಿ ಏನಂತಾರ ಅನ್ನೂದು ಆ ಪುಸ್ತಕದಾಗ ಇಲ್ಲ.

ಕಾಲೇಜಿನ ಕಿಟಕಿ ಮುಂದ ಪಾಳಿ ಹಚ್ಚಿ ನಿಂತಾಗ ಹಿಂದಿನಾಕಿ "ನಮ್ಮ ಹುಡುಗಗ ಪಿಸಿಎಂಬಿ" ಅಂತಾಳ. ಆವಾಗ ನಿಮ್ಮ ಮಗಳು "ನಂದು ಪಿಸಿಎಂಸಿ ರೀ" ಅಂದ್ರೂ ಸೈ, "ನಂದು ಹೆಚ್‌ಇಪಿಎಸ್ ರೀ, ನಾ ಲಾ ಓದಾಕಿ" ಅಂದ್ರೂ ಸೈ. ಯಾಕ ಅಂತ ಕೇಳಿದ್ರ ಕಾರಣಾ ತಾನಾ ಹೇಳೂವಂಗ ಇರಬೇಕು, ಅಷ್ಟಾ.