ಹಾಡು ಒಂದೇ, ಕೊರಳು ಹಲವು

ಶುಕ್ರವಾರ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ಬೀದಿಗೆ ಕಿವಿಗೊಟ್ಟು ನೋಡಿ. ಒಂದು ಮನೆಯಿಂದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂ. ಎಸ್. ಸುಬ್ಬುಲಕ್ಷ್ಮಿಯವರ ಕೊರಳಲ್ಲಿ ಕೇಳಿಬರುತ್ತದೆ. ಎದುರು ಮನೆಯಿಂದ ಅದೇ ಹಾಡು, ಆದರೆ ಭೀಮಸೇನ ಜೋಶಿಯವರದು. ಮೂರನೆಯ ಮನೆಯ ಮೊಬೈಲಿನಲ್ಲಿ ಯಾವುದೋ ಹೊಸ ಕೊರಳು, ಹಿಂದೆ ಕೀಬೋರ್ಡು, ಯಂತ್ರದ ತಾಳ. ಹಾಡಿದ್ದು ಒಬ್ಬರೇ ದಾಸರ ಪದವನ್ನು. ಆದರೂ ಅತ್ತೆಗೆ ಒಂದು ಹಿಡಿಸಿದರೆ ಸೊಸೆಗೆ ಇನ್ನೊಂದು, ಮಗಳಿಗೆ ಮತ್ತೊಂದು. “ಅದೇನ್ರೀ ಈಗಿನವರು ಹಾಡೋದು, ಅಸಲಿ ಹಾಡು ಕೇಳಿ ಗೊತ್ತೇನು?” ಎಂದು ಹಿರಿಯರು ಮೂಗು ಮುರಿದರೆ, “ಅಯ್ಯೋ, ಹಳೇದು ಎಷ್ಟು ನಿಧಾನ ಅಮ್ಮಾ” ಎಂದು ಕಿರಿಯರು ಮೊಬೈಲಿನ ಗುಂಡಿ ಒತ್ತುತ್ತಾರೆ.

ಹಾಗಾದರೆ ‘ಅಸಲಿ’ ಎಂದರೆ ಯಾವುದು? ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಿದಾಗ ಅದನ್ನು ಹೇಗೆ ಕೇಳಬೇಕು, ಹೇಗೆ ತೂಗಿ ನೋಡಬೇಕು? ಈ ಸಲ ಒಗ್ಗರಣೆ ಸದ್ದಿನ ನಡುವೆಯೇ ಈ ವಿಷಯ ಮಾತಾಡೋಣ. ಸಂಗೀತ ಕಲಿತವರಿಗೆ ಮಾತ್ರ ಸೇರಿದ ವಿಷಯ ಇದು ಎಂದು ಪುಟ ತಿರುಗಿಸಬೇಡಿ. ಸಾರಿಗೆ ಉಪ್ಪು ಕಡಿಮೆಯಾಗಿದ್ದನ್ನು ವಾಸನೆಯಲ್ಲೇ ಹೇಳುವ ನಿಮಗೆ ಹಾಡಿನ ಹದ ತಿಳಿಯದೇ ಇದ್ದೀತೇ?

ಮೊದಲು ದಾಸರ ಪದವನ್ನೇ ತೆಗೆದುಕೊಳ್ಳಿ. ಪುರಂದರದಾಸರು ಹರಿಪಾದ ಸೇರಿದ್ದು 1564ರಲ್ಲಿ. ನಮ್ಮ ದೇಶದಲ್ಲಿ ಗ್ರಾಮಫೋನಿಗಾಗಿ ಹಾಡು ಮುದ್ರಿಸಲು ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಹಾಡಿದವರೂ ಒಬ್ಬ ಹೆಣ್ಣುಮಗಳು, ಗೌಹರ್ ಜಾನ್. ನಡುವೆ ಮುನ್ನೂರು ಚಿಲ್ಲರೆ ವರ್ಷ. ಅಷ್ಟು ಕಾಲ ಆ ಪದಗಳು ಉಳಿದದ್ದು ಓಲೆಗರಿಯಲ್ಲಿ ಮತ್ತು ಬಾಯಿಂದ ಬಾಯಿಗೆ. ಮಾತು ಬರೆದಿಟ್ಟರು, ಧಾಟಿಯನ್ನು ಯಾರೂ ಹಿಡಿದಿಡಲಾಗಲಿಲ್ಲ. ದಾಸರು ಸ್ವತಃ ಹೇಗೆ ಹಾಡಿದರೋ ಆ ಧಾಟಿ ನಮಗೆ ದಕ್ಕಿಲ್ಲ. ಇವತ್ತು ನಾವು ‘ಮೂಲ’ ಎಂದುಕೊಂಡಿರುವುದು ನಂತರದ ವಿದ್ವಾಂಸರು ಕೂಡಿಸಿಕೊಟ್ಟ ರಾಗ ತಾಳಗಳನ್ನು. ಎಂದಮೇಲೆ ನಾವು ಹೋಲಿಸುವುದು ಅಸಲಿಯನ್ನು ನಕಲಿಗಲ್ಲ, ಒಂದು ಭಕ್ತಿಯನ್ನು ಇನ್ನೊಂದು ಭಕ್ತಿಗೆ.

ಎಂ. ಎಸ್. ಅವರು ಹಾಡಿದ್ದು ಕರ್ನಾಟಕ ಪದ್ಧತಿಯಲ್ಲಿ, ಮಧ್ಯಮಾವತಿ ರಾಗದಲ್ಲಿ. ಕಚೇರಿಯ ಕೊನೆಗೆ ಮಂಗಳಕ್ಕೆಂದು ಹಾಡುವ ರಾಗ ಅದು. ನಡೆ ಸಮಾಧಾನದ್ದು, ಪ್ರತಿ ಅಕ್ಷರವೂ ತೊಳೆದ ಅಕ್ಕಿಯಂತೆ ಬಿಡಿಬಿಡಿ. ಗದಗಿನ ನೆಲದ ಭೀಮಸೇನ ಜೋಶಿಯವರದು ಹಿಂದೂಸ್ತಾನಿ ಹಾದಿ. ಹಾರ್ಮೋನಿಯಂ, ತಬಲಾ, ತಾಳ. ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡುತ್ತ ವೇಗ ಏರಿಸುತ್ತಾರೆ. ಶಂಕರ್‌ನಾಗ್ ಅವರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲೂ ಅವರ ಕೊರಳಿನ ಈ ಹಾಡು ಬಂದು ಮನೆಮನೆಗೆ ಹೋಯಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಎಂ. ಎಸ್. ಹಾಡುವಾಗ ಲಕ್ಷ್ಮಿ ಆಗಲೇ ಹೊಸಿಲು ದಾಟಿ ಒಳಗೆ ಕೂತಿದ್ದಾಳೆ ಅನಿಸುತ್ತದೆ. ಜೋಶಿಯವರು ಹಾಡುವಾಗ ಆಕೆ ಇನ್ನೂ ಬೀದಿಯ ತುದಿಯಲ್ಲಿದ್ದಾಳೆ, ಮನೆಯವರೆಲ್ಲ ಬಾಗಿಲಿಗೆ ಬಂದು ಕೂಗಿ ಕರೆಯುತ್ತಿದ್ದಾರೆ ಅನಿಸುತ್ತದೆ. ಎರಡೂ ನಮ್ಮ ಮನೆಗೆ ಬೇಕಾದದ್ದೇ ಅಲ್ಲವೇ?

ಇನ್ನು ಶಿಶುನಾಳ ಷರೀಫಜ್ಜನ ಪದಗಳ ಕಥೆ. 1819ರಿಂದ 1889ರವರೆಗೆ ಬದುಕಿದ ಅಜ್ಜನ ತತ್ವಪದಗಳು ಧಾರವಾಡ, ಹಾವೇರಿ ಸೀಮೆಯ ಭಜನೆ ಮೇಳಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳ ಜೊತೆ ಉಳಿದು ಬಂದವು. ಅವನ್ನು ಇಡೀ ನಾಡಿಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಮುಖ್ಯರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರವೂ ಬಂತು. ಆಮೇಲೆ 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಅಜ್ಜನ ಗುಡುಗುಡಿಯ ಪದವನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡಿದರು. “ಷರೀಫಜ್ಜನಿಗೆ ಗಿಟಾರೇ?” ಎಂದು ಹುಬ್ಬೇರಿಸಿದವರು ಉಂಟು. ಆದರೆ ಅಲ್ಲಿಯವರೆಗೆ ತತ್ವಪದವೆಂದರೆ ಏನೆಂದು ಗೊತ್ತಿಲ್ಲದ ಕಾಲೇಜು ಹುಡುಗರು ಆ ಪದವನ್ನು ಬಾಯಿಪಾಠ ಮಾಡಿದರು. ಭಜನೆ ಮೇಳದ ಹಾಡಿನಲ್ಲಿ ಹತ್ತು ಜನ ಒಂದಾಗುವ ಸುಖವಿದೆ, ಅಶ್ವತ್ಥರ ಎದೆ ತುಂಬಿದ ದನಿಯಲ್ಲಿ ಅರ್ಥ ನೆಟ್ಟಗೆ ಬಂದು ತಾಕುತ್ತದೆ, ಹೊಸಬರದರಲ್ಲಿ ಕುಣಿತವಿದೆ. ಕುಣಿತದ ನಡುವೆ ಅರ್ಥ ಕೈ ತಪ್ಪಿಹೋಗದಂತೆ ನೋಡಿಕೊಳ್ಳುವುದು ಕೇಳುವವರ ಕೆಲಸವೂ ಹೌದು.

ಧಾಟಿಯ ವಿಷಯಕ್ಕೆ ಎಷ್ಟು ಮನಸ್ತಾಪ ಆಗಬಹುದು ಎಂಬುದಕ್ಕೆ ನಮ್ಮ ನಾಡಗೀತೆಯೇ ಸಾಕ್ಷಿ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ನಾಡಗೀತೆಯೆಂದು ಘೋಷಿಸಿದರು. ಆದರೆ ಹಾಡಬೇಕಾದದ್ದು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲೋ, ಸಿ. ಅಶ್ವತ್ಥರ ಧಾಟಿಯಲ್ಲೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಸಾವಿರಾರು ಮಕ್ಕಳು ಒಟ್ಟಿಗೆ ಹಾಡುವ ಗೀತೆಗೆ ಒಂದೇ ಧಾಟಿ ಬೇಕು, ಇಲ್ಲದಿದ್ದರೆ ಶಾಲೆಯ ಅಂಗಳದಲ್ಲಿ ಗದ್ದಲವಾಗುತ್ತದೆ. ಆದರೆ ಮನೆಯೊಳಗಿನ ಹಾಡಿಗೆ ಅಂಥ ಆದೇಶ ಯಾವುದೂ ಇಲ್ಲ, ಇರಲೂ ಬಾರದು.

ಹಾಗಂತ ಎಲ್ಲ ಮರುಹಾಡೂ ಒಳ್ಳೆಯದೇ ಎಂದಲ್ಲ. ಕ್ಯಾಸೆಟ್ಟಿನ ಕಾಲ ನಿಮಗೆ ನೆನಪಿರಬಹುದು. ಮೇಲ್ಗಡೆ ಹಳೆಯ ಚಿತ್ರದ ನಾಯಕ ನಾಯಕಿಯರ ಫೋಟೋ, ಮನೆಗೆ ತಂದು ಹಾಕಿದರೆ ಒಳಗೆ ಬೇರೆ ಯಾರದೋ ದನಿ! ಮೂಲ ಗಾಯಕರ ಹೆಸರನ್ನು ಸಣ್ಣ ಅಕ್ಷರದಲ್ಲಿ ನುಂಗಿಬಿಡುತ್ತಿದ್ದರು. ಪಕ್ಕದ ಮನೆಯವರ ಸಾರಿನಪುಡಿಯನ್ನು ನಿಮ್ಮ ಹೆಸರಿನ ಡಬ್ಬಿಯಲ್ಲಿ ಮಾರಿದ ಹಾಗೆ. ಈಗ ಇದಕ್ಕೆ ಕಾನೂನಿನ ಕಟ್ಟುಪಾಡಿದೆ. ಹಕ್ಕುಸ್ವಾಮ್ಯ ಕಾಯ್ದೆ 1957ರದು. 2012ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಅದರ ಪ್ರಕಾರ, ಹಾಡೊಂದು ಮೊದಲು ಮುದ್ರಣವಾದ ವರ್ಷ ಮುಗಿದು 5 ವರ್ಷ ಕಳೆಯುವ ತನಕ ಈ ಪರವಾನಗಿಯ ಮೇಲೆ ಅದರ ‘ಕವರ್ ವರ್ಷನ್’ ತೆಗೆಯುವಂತಿಲ್ಲ. ತೆಗೆದರೆ ಅದು ಕವರ್ ವರ್ಷನ್ ಎಂದು ಮೇಲೆಯೇ ಬರೆದಿರಬೇಕು. ಹಿಂದೆ ಹಾಡಿದವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹಾಕಿ ಕೊಳ್ಳುವವರ ಕಣ್ಣಿಗೆ ಮಣ್ಣೆರಚಬಾರದು. ಸಾಹಿತ್ಯ, ಸಂಗೀತದ ಹಕ್ಕುದಾರರಿಗೆ ಮುಂಗಡವಾಗಿ ರಾಯಧನ ಸಲ್ಲಬೇಕು.

ಇದನ್ನು ಕೇಳಿ “ಹಾಗಾದ್ರೆ ಮದುವೆ ಮನೇಲಿ ಸಿನಿಮಾ ಹಾಡು ಹೇಳೋದೂ ತಪ್ಪಾ?” ಎಂದು ಗಾಬರಿಯಾಗಬೇಡಿ. ಮದುವೆ, ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಂಭ್ರಮಗಳಲ್ಲಿ ಹಾಡುವುದಕ್ಕೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಇನ್ನು ಕವಿ ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಸಾಹಿತ್ಯ ಎಲ್ಲರ ಸ್ವತ್ತು. ದಾಸರೂ ಷರೀಫಜ್ಜನೂ ಯಾವತ್ತೋ ನಮ್ಮೆಲ್ಲರವರಾಗಿದ್ದಾರೆ.

ಸರಿ, ಎರಡು ಹಾಡುಗಳನ್ನು ಹೋಲಿಸಿ ನೋಡುವುದು ಹೇಗೆ? ಇದಕ್ಕೆ ಬೇರೆ ಹೊತ್ತು ಬೇಡ. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಹಾಡು, ಪಲ್ಯ ಬೇಯುವಷ್ಟರಲ್ಲಿ ಇನ್ನೊಂದು. ಈ ನಾಲ್ಕು ಸಂಗತಿ ಗಮನಿಸಿ.

ಒಂದು, ಮಾತು. ಅಕ್ಷರ ಸ್ಪಷ್ಟವಾಗಿದೆಯೇ, ‘ಳ’ಕಾರ ‘ಲ’ಕಾರವಾಗಿದೆಯೇ, ಯಾವುದಾದರೂ ನುಡಿ ಬಿಟ್ಟುಹೋಗಿದೆಯೇ ನೋಡಿ. ಭಾಗ್ಯದ ಲಕ್ಷ್ಮಿಯ ಹಾಡಿನಲ್ಲಿ ಮೊಸರು ಕಡೆದಾಗ ಬೆಣ್ಣೆ ಮೂಡುವ ಹೋಲಿಕೆ ಬರುತ್ತದೆ. ಅದನ್ನು ನುಂಗಿ ಹಾಡಿದರೆ ಹಾಡಿನ ಬೆಣ್ಣೆಯೇ ಹೋದಂತೆ.

ಎರಡು, ನಡೆ. ವೇಗ ಹೆಚ್ಚಿದ್ದು ಹಾಡಿನ ಭಾವಕ್ಕೋ, ಅವಸರಕ್ಕೋ? ಹಳೆಯ 78ರ ಗಾನತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷ ಮಾತ್ರ ಹಿಡಿಸುತ್ತಿತ್ತು. ಹಾಗಾಗಿ ಆ ಕಾಲದವರು ಹೇಳಬೇಕಾದದ್ದನ್ನು ಬಿಗಿಯಾಗಿ ಹೇಳಿ ಮುಗಿಸಿದರು. ಆಮೇಲಿನವರಿಗೆ ಜಾಗ ಸಿಕ್ಕಿತು, ಹಾಡು ಬೆಳೆಯಿತು. ಬೆಳೆದದ್ದೆಲ್ಲ ಹೂವೋ, ಕಳೆಯೋ ಎಂದು ನೀವೇ ಹೇಳಬಲ್ಲಿರಿ.

ಮೂರು, ವಾದ್ಯ. ವಾದ್ಯ ಹಾಡನ್ನು ಎತ್ತಿ ಹಿಡಿದಿದೆಯೇ, ಮುಚ್ಚಿಹಾಕಿದೆಯೇ? ಮಸಾಲೆಯೇ ಮೇಲಾಗಿ ಬದನೆಕಾಯಿಯ ರುಚಿ ಗೊತ್ತಾಗದಿದ್ದರೆ ಅದು ಎಣ್ಣೆಗಾಯಿ ಹೇಗಾದೀತು?

ನಾಲ್ಕು, ಹೊಸತು. ಎರಡನೆಯವರು ಮೊದಲನೆಯವರ ಉಸಿರನ್ನೂ ಬಿಡದೆ ಅನುಕರಿಸಿದ್ದಾರೆಯೋ, ತಮ್ಮದೂ ಒಂದು ಚಿಟಿಕೆ ಸೇರಿಸಿದ್ದಾರೆಯೋ? ರಾಜರತ್ನಂ ಅವರ ರತ್ನನ ಪದಗಳನ್ನು ಪಿ. ಕಾಳಿಂಗರಾಯರೂ ಹಾಡಿದರು, ಮೈಸೂರು ಅನಂತಸ್ವಾಮಿಯವರೂ ಹಾಡಿದರು. ಒಬ್ಬರಂತೆ ಇನ್ನೊಬ್ಬರು ಹಾಡಲಿಲ್ಲ. ಅದಕ್ಕೇ ಇಬ್ಬರೂ ಉಳಿದರು.

ಈ ನಾಲ್ಕನೆಯ ಮಾತನ್ನು ಮಕ್ಕಳ ತಾಯಂದಿರು ಮುಖ್ಯವಾಗಿ ಗಮನಿಸಬೇಕು. ಹಾಡಿನ ಸ್ಪರ್ಧೆಗೆ ಹೋಗುವ ಮಗುವಿಗೆ ಒಂದೇ ಮುದ್ರಣವನ್ನು ನೂರು ಸಲ ಕೇಳಿಸಿ, ಗಾಯಕಿ ಕೆಮ್ಮಿದ ಕಡೆ ಕೆಮ್ಮುವಷ್ಟು ಉರುಹೊಡೆಸುತ್ತೇವೆ. ಬಹುಮಾನ ಬಂದರೂ ಬರಬಹುದು, ಆದರೆ ಮಗುವಿನ ಸ್ವಂತ ದನಿ ಎಲ್ಲಿ ಹೋಯಿತು? ಬದಲಿಗೆ ಅದೇ ಹಾಡನ್ನು ಇಬ್ಬರು ಮೂವರು ಹಾಡಿದ್ದು ಕೇಳಿಸಿ. “ನಿನಗೆ ಎಲ್ಲಿ ಹಿಡಿಸ್ತು ಪುಟ್ಟಾ, ಯಾಕೆ ಹಿಡಿಸ್ತು?” ಎಂದು ಕೇಳಿ. ಅರ್ಥ ಬಿಡಿಸಿ ಹೇಳಿ. ಆಮೇಲೆ ಮೊಬೈಲು ಪಕ್ಕಕ್ಕಿಟ್ಟು ಹಾಡಲು ಹೇಳಿ. ಆಗ ಬರುವುದು ಅದರದೇ ಹಾಡು.

ಇದಕ್ಕಿಂತ ದೊಡ್ಡ ನಷ್ಟವೊಂದು ನಮ್ಮ ನಿಮ್ಮ ನಡುವೆಯೇ ಸದ್ದಿಲ್ಲದೆ ಆಗುತ್ತಿದೆ. ಹಿಂದೆ ಹಸೆಗೆ ಕರೆಯುವಾಗ, ಆರತಿ ಎತ್ತುವಾಗ, ತೊಟ್ಟಿಲು ತೂಗುವಾಗ ಮನೆಯ ಹೆಂಗಸರೇ ಹಾಡುತ್ತಿದ್ದರು. ಒಬ್ಬರ ಶ್ರುತಿ ಮೇಲೆ, ಒಬ್ಬರದು ಕೆಳಗೆ, ಯಾರೂ ಎಣಿಸುತ್ತಿರಲಿಲ್ಲ. ಈಗ ಅರಿಶಿನ ಕುಂಕುಮಕ್ಕೆ ಕರೆದು “ಒಂದು ಹಾಡು ಹೇಳ್ರೀ” ಎಂದರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಹಿಂದೆ ಸರಿಯುತ್ತೇವೆ. “ಅಯ್ಯೋ, ನಂಗೆ ಕ್ಯಾಸೆಟ್ಟಿನ ಹಾಗೆ ಬರೋಲ್ಲಪ್ಪ.” ಕೊನೆಗೆ ಮೊಬೈಲೇ ಹಾಡುತ್ತದೆ, ಮುತ್ತೈದೆಯರು ಸುಮ್ಮನೆ ಕೂತಿರುತ್ತಾರೆ. ದೊಡ್ಡ ಗಾಯಕಿಯರನ್ನು ಕೇಳಿ ಸಂತೋಷಪಡೋಣ. ಆದರೆ ಅವರು ಹಾಡಿದ್ದು ನಮ್ಮ ಬಾಯಿ ಮುಚ್ಚಿಸಲಿಕ್ಕಲ್ಲ. ನಿಮ್ಮ ತಾಯಿ ಹಾಡಿದ ಲಾಲಿಯನ್ನು ನೀವು ನಿಮ್ಮ ಮಗುವಿಗೆ ಹಾಡಿದಿರಲ್ಲ, ಅದೂ ಒಂದು ಮರುಹಾಡೇ. ಸಾವಿರ ವರ್ಷದಿಂದ ಹೆಂಗಸರು ಮಾಡಿಕೊಂಡು ಬಂದದ್ದೇ ಈ ಕೆಲಸ.

ಹಾಗೆಯೇ ನಿಮ್ಮ ಮನೆಯ ಅಜ್ಜಿಯೋ ಸೋದರತ್ತೆಯೋ ಹೇಳುವ ಬೀಗರ ಹಾಡು, ಗೌರಿಯ ಹಾಡು, ಕುಟ್ಟುವ ಬೀಸುವ ಹಾಡು ಯಾವ ಅಂಗಡಿಯಲ್ಲೂ ಸಿಗದೇ ಇರಬಹುದು. ಅದನ್ನು ಹೋಲಿಸಿ ನೋಡಲು ಬೇರೆ ಮುದ್ರಣವೇ ಇಲ್ಲ. ಅವರೊಂದಿಗೇ ಅದು ಹೋಗಿಬಿಟ್ಟರೆ, ಮುಂದೆ ಹಾಡುವ ಮೊಮ್ಮಗಳಿಗೆ ಮೂಲವೂ ಇಲ್ಲ, ನಕಲೂ ಇಲ್ಲ.

ಈ ಹದಿನೈದು ದಿನದಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಫ್ಯಾನು, ಟಿ.ವಿ. ಆರಿಸಿ, ಅವರನ್ನು ಗೋಡೆಗೆ ಒರಗಿ ಆರಾಮವಾಗಿ ಕೂರಿಸಿ, ಒಂದು ಲೋಟ ಬಿಸಿನೀರು ಪಕ್ಕದಲ್ಲಿಡಿ. ಮೊಬೈಲನ್ನು ಒಂದು ಮೊಳ ದೂರದಲ್ಲಿಟ್ಟು ಧ್ವನಿಮುದ್ರಣ ಮಾಡಿ. ಮೊದಲು ಅವರ ಹೆಸರು, ಊರು, ಆ ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಮಾತು ಮರೆತರೆ ತಿದ್ದಲು ಹೋಗಬೇಡಿ, ನೆನೆಸಿಕೊಳ್ಳಲು ಬಿಡಿ. ಸಾಹಿತ್ಯವನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಮುದ್ರಣದ ಪ್ರತಿಯೊಂದನ್ನು ತಂಗಿಗೋ ನಾದಿನಿಗೋ ಕಳಿಸಿ. ಒಂದೇ ಮೊಬೈಲಿನಲ್ಲಿದ್ದರೆ ಅದು ಕೆಟ್ಟ ದಿನ ಹಾಡೂ ಹೋಗುತ್ತದೆ.

ಆಮೇಲೆ ಆ ಹಾಡನ್ನು ಅವರೆದುರೇ ಒಮ್ಮೆ ನೀವು ಹಾಡಿ. ಅವರು “ಹಾಗಲ್ಲ ಕಣೇ, ಹೀಗೆ” ಎಂದು ತಿದ್ದುತ್ತಾರೆ. ತಿದ್ದಿಸಿಕೊಳ್ಳಿ. ಎಷ್ಟು ತಿದ್ದಿದರೂ ಒಂದು ಕಡೆ ನಿಮ್ಮದೇ ತಿರುವು ಉಳಿದುಕೊಳ್ಳುತ್ತದೆ. ಅದು ಇರಲಿ ಬಿಡಿ.