ಗ್ರಿಲ್‌ನ ಬೆಂಕಿಗೆ ಎಲ್ಲ ರೋಗಾಣುಗಳೂ ಸಾಯುತ್ತವೆಯೇ?

‘ಗ್ರಿಲ್‌ನ ಜಾಲರಿ ತೊಳೆಯಬೇಕಿಲ್ಲ, ಬೆಂಕಿಗೆ ಎಲ್ಲವೂ ಸಾಯುತ್ತದೆ. ಅರ್ಧ ಈರುಳ್ಳಿಯಲ್ಲಿ ಉಜ್ಜಿದರೆ ಸಾಕು.’ ಇಂಥ ಮಾತು ವಾಟ್ಸಾಪ್ ಗುಂಪುಗಳಲ್ಲಿ, ಅಡುಗೆ ರೀಲ್ಸ್‌ಗಳಲ್ಲಿ ಆಗಾಗ ಕಾಣಿಸುತ್ತದೆ. ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ಅಪಾರ್ಟ್‌ಮೆಂಟ್ ತಾರಸಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದೇ ಗ್ರಿಲ್ ಬಳಸುವುದು ಈಗ ಹೊಸದೇನಲ್ಲ. ಡಿಸೆಂಬರ್ 31ರ ರಾತ್ರಿ ಒಂದೇ ಜಾಲರಿಯ ಮೇಲೆ ಚಿಕನ್, ಪನೀರ್, ಜೋಳ ಎಲ್ಲವೂ ಬೇಯುತ್ತವೆ. ಹಾಗಾದರೆ ಈ ಮಾತು ಎಷ್ಟು ನಿಜ? ನೋಡೋಣ.

ಬೆಂಕಿ ಮಾಡುವ ಕೆಲಸ

ಇದು ಅರ್ಧ ನಿಜ. ಹಸಿ ಕೋಳಿಮಾಂಸದಲ್ಲಿ ಇರಬಹುದಾದ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಬಿಸಿಗೆ ಸಾಯುತ್ತವೆ. ಆಹಾರದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ತಲುಪಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೋಳಿಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಹೇಳುವುದು 74 ಡಿಗ್ರಿ.

ಆದರೆ ಬಿಸಿ ತಲುಪಿದ ಕಡೆ ಮಾತ್ರ ಈ ಕೆಲಸ ಆಗುತ್ತದೆ. ಜಾಲರಿಯ ಅಂಚು, ಹಿಡಿ, ಹಳೆಯ ಜಿಡ್ಡು ಅಷ್ಟು ಕಾಯದೇ ಇರಬಹುದು. ಇನ್ನೊಂದು ವಿಷಯವೂ ಇದೆ. ನಮ್ಮ ಕೈಯಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಸಿಗೆ ಸಾಯುತ್ತದೆ, ಆದರೆ ಅದು ಅಷ್ಟರಲ್ಲಿ ಉಂಟುಮಾಡಿದ ವಿಷ ಕುದಿಸಿದರೂ ಹೋಗುವುದಿಲ್ಲ. ಮಸಾಲೆ ಹಚ್ಚಿದ ಮಾಂಸವನ್ನು ಸಂಜೆಯಿಂದ ಹೊರಗೇ ಇಟ್ಟು ‘ಹೇಗೂ ಸುಡ್ತೀವಲ್ಲ’ ಎನ್ನುವುದು ಅದಕ್ಕೇ ತಪ್ಪು.

ಈರುಳ್ಳಿ ಉಜ್ಜಿದರೆ ಸ್ವಲ್ಪ ಮಸಿ, ಜಿಡ್ಡು ಬರುತ್ತದೆ ಅಷ್ಟೆ. ಅದು ಸೋಪಿನ ಕೆಲಸ ಮಾಡುವುದಿಲ್ಲ.

ನಿಜವಾದ ಅಪಾಯ ಎಲ್ಲಿದೆ?

ಹೆಚ್ಚಿನ ಸಲ ತೊಂದರೆ ಇರುವುದು ಜಾಲರಿಯ ಮೇಲಲ್ಲ, ಅದರ ಸುತ್ತ. ಹಸಿ ಚಿಕನ್ ಇಟ್ಟ ಇಕ್ಕಳದಿಂದಲೇ ಬೆಂದದ್ದನ್ನು ತೆಗೆಯುತ್ತೇವೆ. ಹಸಿ ಮಾಂಸ ತಂದ ತಟ್ಟೆಯಲ್ಲೇ ಬಡಿಸುತ್ತೇವೆ. ಮಸಾಲೆಯಲ್ಲಿ ಅದ್ದಿದ ಬ್ರಷ್ಷನ್ನು ಬೆಂದ ಪನೀರಿಗೂ ಸವರುತ್ತೇವೆ. ಇವು ಯಾವುವೂ ಬೆಂಕಿಗೆ ಹೋಗುವುದಿಲ್ಲ.

ಮಾಂಸವನ್ನು ನಲ್ಲಿಯಡಿ ತೊಳೆದರೆ ಸ್ವಚ್ಛವಾಗುತ್ತದೆ ಎಂಬುದೂ ಹೀಗೇ ದಾರಿ ತಪ್ಪಿಸುವ ನಂಬಿಕೆ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿಮಾಂಸ ತೊಳೆದವರಲ್ಲಿ ಶೇ 60ರಷ್ಟು ಮಂದಿಯ ಸಿಂಕ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಶೇ 26ರಷ್ಟು ಮಂದಿಯ ಸಲಾಡ್‌ಗೂ ಅದು ದಾಟಿತ್ತು.

ಬಣ್ಣ ನೋಡಿ ಹೇಳಬಹುದೇ?

ಕೆಂಪಗೆ ಹೊಳೆಯುವ ಕಬಾಬ್ ಬೆಂದಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ಬಣ್ಣವಿಲ್ಲದಿದ್ದರೂ, ಹೊರಗೆ ಕಪ್ಪಾದ ತುಂಡು ಒಳಗೆ ಹಸಿಯಾಗಿರಬಹುದು. ದಪ್ಪ ತುಂಡನ್ನು ಕತ್ತರಿಸಿ ನೋಡುವುದು ಒಳ್ಳೆಯದು. ಅಡುಗೆ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಏನು ಮಾಡಬೇಕು?

• ಬಳಸುವ ಮೊದಲು ಜಾಲರಿಯನ್ನು ಚೆನ್ನಾಗಿ ಕಾಯಿಸಿ, ಉಜ್ಜಿ. ಮುಗಿದ ಮೇಲೆ, ಆರಿದ ನಂತರ, ಪಾತ್ರೆ ಸೋಪಿನಿಂದ ತೊಳೆದು ಒಣಗಿಸಿ. ಮುಂದಿನ ಮನೆಯವರಿಗೆ ಜಿಡ್ಡು ಬಿಡಬೇಡಿ.
• ವೈರ್ ಬ್ರಷ್ ಬಳಸಿದರೆ ಒದ್ದೆ ಬಟ್ಟೆಯಿಂದ ಒರೆಸಿ. ಉದುರಿದ ತಂತಿ ಊಟದೊಂದಿಗೆ ಗಂಟಲಿಗೆ ಸಿಕ್ಕಿಕೊಂಡ ಪ್ರಕರಣಗಳಿವೆ.
• ಹಸಿಗೆ ಒಂದು, ಬೆಂದದ್ದಕ್ಕೆ ಒಂದು ಎಂದು ಎರಡು ಇಕ್ಕಳ, ಎರಡು ತಟ್ಟೆ ಇಡಿ.
• ಸಸ್ಯಾಹಾರಿಗಳಿದ್ದರೆ ಬೇರೆ ಜಾಲರಿ ಇಡಿ, ಇಲ್ಲವೇ ಅವರದ್ದನ್ನು ಮೊದಲು ಸುಡಿ. ಇದು ಸ್ವಚ್ಛತೆಯೂ ಹೌದು, ಅವರ ನಂಬಿಕೆಗೆ ಕೊಡುವ ಗೌರವವೂ ಹೌದು.
• ಮಸಾಲೆ ಹಚ್ಚಿದ ಮಾಂಸ ಫ್ರಿಜ್‌ನಲ್ಲೇ ಇರಲಿ. ಸುಟ್ಟದ್ದನ್ನೂ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ.
• ತಾರಸಿಯಲ್ಲಿ ನಲ್ಲಿ ಇಲ್ಲದಿದ್ದರೆ ಒಂದು ಕ್ಯಾನ್ ನೀರು, ಸೋಪು ಮೇಲೆ ಒಯ್ಯಿರಿ.

ಆಹಾರ ಕೆಟ್ಟರೆ ಹೆಚ್ಚು ಬಳಲುವವರು ಚಿಕ್ಕ ಮಕ್ಕಳು, ಗರ್ಭಿಣಿಯರು ಮತ್ತು ಹಿರಿಯರು. ‘ಬೆಂಕಿಗೆ ಎಲ್ಲ ಸಾಯುತ್ತೆ’ ಎಂಬ ಸಂದೇಶ ನಿಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಬದಲು ಒಂದೇ ಪ್ರಶ್ನೆ ಕೇಳಿ: ಇಕ್ಕಳ ಎಷ್ಟಿವೆ?